ಸೋರುವ ಕೇಬಲ್ಲು

ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದರೆ
ಒಂದು ಕಣ್ಣು.
ನಟ್ಟನಡುವೆ ತಾಮ್ರದ ಪಾಪೆ, ಸುತ್ತ ಬಿಳಿ ನೊರೆ,
ಆಮೇಲೆ ಜಾಲರಿ, ಕೊನೆಗೆ ಕಪ್ಪು ರೆಪ್ಪೆ.
ಪುಸ್ತಕದವರು ಏಕಾಕ್ಷ ಎಂದರು,
ಎರಡು ಲೋಹಕ್ಕೂ ಅಚ್ಚು ಒಂದೇ ಎಂಬ ಲೆಕ್ಕದಲ್ಲಿ.
ನಮ್ಮಜ್ಜಿಗೆ ಏಕಾಕ್ಷ ಎಂದರೆ ಕಾಗೆ, ಅಷ್ಟೇ.
ಬ್ರೋಕನ್ ಹಿಲ್ಲಿನ ಕಾಗೆಗೆ ಕಣ್ಣು ಬಿಳಿ.
ಸ್ಟೋರಿನ ಮಾಡಿನ ಮೇಲೆ ಕೂತು
ನಾನು ಸುಲಿಯುವುದನ್ನೇ ನೋಡುತ್ತಿರುತ್ತದೆ.

ಮೊದಲ ವಾರ ಮರ್ವ್ ಟ್ರೆವಾಸ್ಕಿಸ್ ಕಲಿಸಿದ್ದು
ಕಣ್ಣು ಮುಚ್ಚಿ ದಪ್ಪ ಅಳೆಯುವುದನ್ನು.
"ಪೆನ್ಸಿಲ್ಲಿಗಿಂತ ಸಣಕಲೋ? ಐವತ್ತೆಂಟು.
ಯೂಟಿನ ರೇಡಿಯೋಗೆ ಸಾಕು,
ದೂರ ಕಳಿಸಬೇಡ, ಬುತ್ತಿಯನ್ನೆಲ್ಲ ದಾರಿಯಲ್ಲೇ ತಿನ್ನುತ್ತದೆ.
ಐವತ್ತೊಂಬತ್ತು ಹಳೇ ಗೇಟಿನ ಕ್ಯಾಮೆರಾಕ್ಕೆ.
ಆರ್‌ಜಿ ಆರು ಎಂದರೆ ಟೀವಿ, ಡಿಶ್ಶು,
ಆರ್ಜೆಂಟ್ ಸ್ಟ್ರೀಟಿನ ಪಬ್ಬುಗಳಿಗೆ ಕುದುರೆ ಓಡಿಬರುವುದು
ಅದರೊಳಗಿಂದಲೇ, ನನ್ನ ಸಂಬಳ ಹೋಗುವುದೂ."
ಕಿರುಬೆರಳ ದಪ್ಪದ್ದು ಇನ್ನೂರ ಹದಿಮೂರು, ಕಂಟ್ರೋಲ್ ರೂಮಿಗೆ.
ಗೋಪುರ ಹತ್ತುವುದಂತೂ ಕೇಬಲ್ಲೇ ಅಲ್ಲ,
ಎರೆಹುಳದ ಹಾಗೆ ಉಂಗುರ ಉಂಗುರದ ತಾಮ್ರದ ಕೊಳವೆ,
ಬಗ್ಗಿಸಲು ಇಬ್ಬರು ಬೇಕು, ಮುನಿಸಿಕೊಂಡರೆ ಮೂವರು.

ಐವತ್ತು ಓಮಿನ ಮನೆತನ ಬೇರೆ, ಎಪ್ಪತ್ತೈದರದು ಬೇರೆ.
ಗೊತ್ತಿಲ್ಲದೆ ಬೀಗರಾದರೋ
ಹೋದ ಮಾತು ಒಂದಿಷ್ಟು
ಹೊಸಿಲಲ್ಲೇ ತಿರುಗಿ ಬರುತ್ತದೆ,
ಹೆಣ್ಣು ನೋಡಲು ಹೋದವರು
ಉಪ್ಪಿಟ್ಟು ತಿಂದು ಎದ್ದುಬಂದ ಹಾಗೆ.

ಎಲ್ಲಕ್ಕೂ ನೇಮ ಒಂದೇ: ಸೋರಬಾರದು.
ಒಳಗಿನದು ಒಳಗೆ, ಹೊರಗಿನದು ಹೊರಗೆ.
ಬಿಳಿ ಗಿಳಿಗಳು ತೊಗಟೆ ಕಚ್ಚಿ ಒಂದು ತೂತಿಟ್ಟರೆ
ವರ್ಷಕ್ಕೊಮ್ಮೆ ಬರುವ ಮಳೆಗೆ ಅಷ್ಟು ದಾರಿ ಸಾಕು,
ತಾಮ್ರ ಹಸಿರಾಗಿ ಸುಮ್ಮನಾಗುತ್ತದೆ.
ಮನೆಯಲ್ಲಿ ನನಗಿದ್ದ ಬಿರುದು ತೂತುಗೊಡ,
ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದವಳು.
ಅದಕ್ಕೇ ಇರಬೇಕು, ಪ್ರತಿ ಕೀಲಿಗೂ
ಮೂರು ಸುತ್ತು ಟೇಪು ಸಾಕೆಂದರೂ
ನಾಲ್ಕನೆಯದು ಸುತ್ತಿಬಿಡುತ್ತೇನೆ.

ಆಮೇಲೆ ಗಣಿಗೆ ಇಳಿಸಿದರು.
ಒಂಬೈನೂರು ಮೀಟರು. ಬೆವರು, ಡೀಸೆಲ್ಲು, ಒದ್ದೆ ಕಲ್ಲು.
ಛಾವಣಿಗೆ ಕೊಕ್ಕೆ ಹಾಕಿ ತೂಗಿದ ಹಳದಿ ಕೇಬಲ್ಲಿನ ಸಿಪ್ಪೆ ಸುಲಿದು
ಮರ್ವ್ ತೋರಿಸಿದ:
ಒಳಗಿನ ತಾಮ್ರದ ಹಾಳೆಯ ಉದ್ದಕ್ಕೂ ಸೀಳು, ಸೀಳು, ಸೀಳು.
ಕೆಟ್ಟದ್ದಲ್ಲ.
ಬೇಕೆಂದೇ ಕೊರೆದದ್ದು.
ಕಲ್ಲೊಳಗೆ ಅಲೆ ಹಾಯದು,
ಹಾಗಾಗಿ ಮಾತನ್ನು ಸುರಂಗದುದ್ದಕ್ಕೂ ಹೊತ್ತು
ತೊಟ್ಟು ತೊಟ್ಟು ಬಿಡುತ್ತ ಹೋಗುವುದು ಇದರ ಕೆಲಸ,
ಅಡಿಯಲ್ಲಿ ಹಾದವನ ರೇಡಿಯೋ ಹನಿಯನ್ನು ಹಿಡಿದುಕೊಳ್ಳುತ್ತದೆ,
ತನ್ನ ಹನಿಯನ್ನು ಮೇಲಕ್ಕೆ ಕೊಡುತ್ತದೆ.
ನಾನು ಏನೂ ಹೇಳಲಿಲ್ಲ.
ಹಾಗೆ ಸುಮ್ಮನಿದ್ದದ್ದು ಅಪರೂಪ ಎಂದು ಅವನೇ ನಕ್ಕ.

ಜುಲೈಯ ಒಂದು ರಾತ್ರಿಪಾಳಿ. ಹದಿನೇಳನೆಯ ಆಂಪ್ಲಿಫೈಯರಿನಾಚೆ ಮೌನ.
ಆಚೆ ಇದ್ದವಳು ಲೋಡರಿನ ಲೊರೇನ್ ಪಾಸ್ಕೋ ಒಬ್ಬಳೇ.
ಕೆಸರಲ್ಲಿ ನಡೆದೆವು, ಟೋಪಿಯ ದೀಪವನ್ನು
ಕೇಬಲ್ಲಿನ ಬೆನ್ನಿಗೆ ಹಚ್ಚಿ, ಒಂದು ಮಾತೂ ಆಡದೆ.
ಟ್ರಕ್ಕಿನ ಮೂಗು ತಾಗಿ ಹರಿದಿತ್ತು.
ಸುಲಿದೆ. ಜಾಲರಿ ಇಲ್ಲ, ಹಾಳೆ; ಕೈ ನಡುಗಿತು.
ಪಾಪೆಗೆ ಪಾಪೆ ಕೂಡಿಸಿ ಕನೆಕ್ಟರು ತಿರುವಿದೆ.
ಹಸಿರು ದೀಪ.

"...ಅದಕ್ಕೇ ನೋಡು ಆ ನಾಯಿಯನ್ನು ಮಾರಲಿಲ್ಲ,"
ಎನ್ನುತ್ತಿತ್ತು ಲೊರೇನಳ ದನಿ,
"ಮಂಡಿ ಬೇರೆ ಹೀಗೆ, ಯಾರು ನಡೆಸಾಡಬೇಕು, ಅಲ್ಲವಾ?"

ನಲವತ್ತು ನಿಮಿಷ.
ತಂತಿ ಸತ್ತದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಮರ್ವ್ ನನ್ನತ್ತ ನೋಡಿದ, ಹೇಳಬೇಡ ಎಂಬಂತೆ.
ನಾನು ಗುಂಡಿ ಒತ್ತಿ
ಹೌದು ಲೊರೇನ್ ಎಂದೆ,
ಆಮೇಲೆ?